ಹಿಮಕಡಿತದ ರೋಗಸಂಕೇತ

ಅತಿಯಾದ ಶೀತಕ್ಕೆ ಮೈಯ ಅಂಗಾಂಶ ಹೆಪ್ಪುಗಟ್ಟಿ ಆಗುವ ಗಾಯಕ್ಕೆ ಹಿಮಕಡಿತ ಎಂದು ಹೆಸರು. ಆಸ್ಪತ್ರೆಗಳಲ್ಲಿ ಎಲ್ಲರೂ ಫ್ರಾಸ್ಟ್‌ಬೈಟ್ ಎಂದೇ ಕರೆಯುತ್ತಾರೆ. ಈ ಗಾಯವನ್ನು ಕೇಸ್ ಶೀಟು, ವಿಮೆಯ ಅರ್ಜಿ, ಪರಿಹಾರದ ಕಡತ ಮತ್ತು ಮರಣದ ಲೆಕ್ಕಗಳಲ್ಲಿ ಜಗತ್ತಿನಾದ್ಯಂತ ಒಂದೇ ರೀತಿ ಗುರುತಿಸಲು ಬಳಸುವ ಅಕ್ಷರ ಮತ್ತು ಅಂಕಿಗಳ ಗುರುತೇ ಅದರ ರೋಗಸಂಕೇತ ಅಥವಾ ಕೋಡ್. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಅಂತಾರಾಷ್ಟ್ರೀಯ ವರ್ಗೀಕರಣದ ಹತ್ತನೆಯ ಪರಿಷ್ಕರಣೆಯಲ್ಲಿ, ಅಂದರೆ ಐಸಿಡಿ-10ರಲ್ಲಿ, ಹಿಮಕಡಿತಕ್ಕೆ ಟಿ33, ಟಿ34, ಟಿ35 ಎಂಬ ಮೂರು ಮನೆಗಳಿವೆ. ಅಂಗಾಂಶ ಸತ್ತುಹೋದ ತೀವ್ರ ಹಿಮಕಡಿತ ಟಿ34ಕ್ಕೆ ಸೇರುತ್ತದೆ. ಅದಕ್ಕೂ ಮುಂಚಿನ ಐಸಿಡಿ-9ರಲ್ಲಿ ಇದು 991 ಎಂಬ ಗುಂಪಿನಲ್ಲಿತ್ತು. ಈಚಿನ ಐಸಿಡಿ-11ರಲ್ಲಿ ಮೇಲ್ಪದರದ ಗಾಯ ಎನ್‌ಇ40, ಅಂಗಾಂಶ ಸತ್ತದ್ದು ಎನ್‌ಇ41.

ಬೆಳಗಾವಿಯಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವುದಿಲ್ಲ. ಖಾನಾಪುರದ ಕಾಡಂಚಿನ ಊರುಗಳಲ್ಲಿ ಪುಷ್ಯಮಾಸದ ಬೆಳಗಿನ ಜಾವ ಬೆಂಕಿ ಕಾಯಿಸಿಕೊಂಡು ಕೂರುವಷ್ಟು ಥಂಡಿ ಇದ್ದರೂ ಬಯಲಿನ ಹವೆಯಿಂದ ಅಲ್ಲಿ ಯಾರಿಗೂ ಹಿಮಕಡಿತ ಆಗದು. ಆದರೂ ಈ ಕೋಡ್ ಇಲ್ಲಿಯವರಿಗೆ ಮೂರು ದಾರಿಯಲ್ಲಿ ಎದುರಾಗುತ್ತದೆ. ಮೊದಲನೆಯದು ಸೇನೆ. ಮರಾಠಾ ಲಘು ಪದಾತಿದಳದ ರೆಜಿಮೆಂಟಲ್ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ, ಇಲ್ಲಿ ತರಬೇತಾದವರು ಹಿಮಾಲಯದ ಠಾಣೆಗಳಲ್ಲಿ ನಿಲ್ಲುತ್ತಾರೆ. ಎರಡನೆಯದು ಖಾನಾಪುರ ರಸ್ತೆಯ ಉದ್ಯಮಬಾಗ. ಕರಗಿದ ಕಬ್ಬಿಣದ ಬಿಸಿಗೆ ಹೆಸರಾದ ಈ ಕೈಗಾರಿಕಾ ಪ್ರದೇಶದ ಕಸುಬಿನಲ್ಲಿ ಮನುಷ್ಯನೇ ತಯಾರಿಸಿದ ಕಡುಶೀತವೂ ಸಿಲಿಂಡರುಗಳಲ್ಲಿ ಬಂದು ಕೂತಿರುತ್ತದೆ. ಮೂರನೆಯದು ಕೋಡಿಂಗ್ ಎಂಬ ನೌಕರಿ. ಹಿಮವನ್ನೇ ಕಾಣದ ಸಾವಿರಾರು ಕನ್ನಡದ ಪದವೀಧರರು ಅಮೆರಿಕದ ರೋಗಿಗಳ ಕೇಸ್ ಶೀಟು ಓದಿ ಟಿ34 ಎಂದು ಗುರುತು ಹಾಕುವ ಕೆಲಸಕ್ಕೆ ತಯಾರಾಗುತ್ತಾರೆ.

ಗಾಯ ಆಗುವ ಬಗೆ

ಚಳಿ ಹೆಚ್ಚಿದಾಗ ದೇಹವು ಹೃದಯ, ಮಿದುಳು, ಯಕೃತ್ತುಗಳನ್ನು ಕಾಪಾಡಲು ಕೈಕಾಲಿನ ತುದಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಮೊದಲು ಪೆಟ್ಟು ಬೀಳುವುದು ಬೆರಳು, ಕಿವಿ, ಮೂಗಿಗೆ. ಚರ್ಮದ ಉಷ್ಣತೆ ಶೂನ್ಯಕ್ಕಿಂತ ಕೆಳಗೆ ಇಳಿದಾಗ ಜೀವಕೋಶಗಳ ನಡುವಿನ ನೀರು ಹರಳುಗಟ್ಟಿ, ಕೋಶಗಳ ಒಳಗಿನ ನೀರನ್ನು ಹೊರಗೆ ಎಳೆಯುತ್ತದೆ. ಅಷ್ಟಕ್ಕೇ ಹಾನಿ ನಿಲ್ಲುವುದಿಲ್ಲ. ಭಾಗ ಮತ್ತೆ ಬಿಸಿಯಾದಾಗ ಸಣ್ಣ ರಕ್ತನಾಳಗಳಲ್ಲಿ ರಕ್ತ ಗಡ್ಡೆಕಟ್ಟುತ್ತದೆ, ಹೆಪ್ಪು ಬಿಟ್ಟ ಮೇಲೂ ಅಂಗಾಂಶ ಸಾಯುತ್ತ ಹೋಗುತ್ತದೆ. ಕರಗಿದ ಭಾಗ ಇನ್ನೊಮ್ಮೆ ಹೆಪ್ಪುಗಟ್ಟಿದರೆ ಹಾನಿ ಎಲ್ಲಕ್ಕಿಂತ ಹೆಚ್ಚು. ಮತ್ತೆ ಹಿಮದಲ್ಲಿ ನಡೆಯಬೇಕಾದ ಸಂದರ್ಭದಲ್ಲಿ ಹೆಪ್ಪುಗಟ್ಟಿದ ಪಾದವನ್ನು ಹಾಗೇ ಬಿಟ್ಟು ಸುರಕ್ಷಿತ ಜಾಗಕ್ಕೆ ಬಂದ ಮೇಲೆ ಕರಗಿಸಬೇಕೆನ್ನುವುದು ಇದರಿಂದಲೇ.

ಹೆಪ್ಪುಗಟ್ಟಿದ ಭಾಗ ಬಿಳಿಚಿ ಮೇಣದಂತೆ ಗಟ್ಟಿಯಾಗುತ್ತದೆ, ಮುಟ್ಟಿದರೆ ಗೊತ್ತಾಗುವುದಿಲ್ಲ. ಬಿಸಿ ಮಾಡಿದ ಮೇಲೆ ತಿಳಿನೀರಿನ ಬೊಬ್ಬೆ ಬಂದರೆ ಗಾಯ ಮೇಲ್ಪದರದ್ದು. ರಕ್ತ ತುಂಬಿದ ಬೊಬ್ಬೆ ಬಂದರೆ, ಅಥವಾ ಬೊಬ್ಬೆಯೇ ಬಾರದೆ ಭಾಗ ನೀಲಿಗಟ್ಟಿ ತಣ್ಣಗೇ ಉಳಿದರೆ, ಗಾಯ ಆಳದ್ದು. ಆಮೇಲೆ ಅದು ಒಣಗಿ ಕಪ್ಪಾಗುತ್ತದೆ. ಸತ್ತ ಭಾಗಕ್ಕೂ ಬದುಕಿದ ಭಾಗಕ್ಕೂ ನಡುವೆ ಗೆರೆ ಸ್ಪಷ್ಟವಾಗಿ ಬೀಳಲು ವಾರಗಳು ಬೇಕು, ಎಷ್ಟೋ ಸಲ ತಿಂಗಳುಗಳೇ ಬೇಕು. ಅನುಭವಿ ಶಸ್ತ್ರವೈದ್ಯರು ಸೋಂಕು ಏರದಿದ್ದರೆ ಕತ್ತರಿಸಲು ಆತುರಪಡುವುದಿಲ್ಲ. ಮೊದಲ ವಾರದಲ್ಲಿ ಸತ್ತಂತೆ ಕಂಡ ಬೆರಳಿನ ಒಳಗೆ ಜೀವ ಇರಬಹುದು.

ಕೋಡ್ ಹಾಕುವವರ ಕಷ್ಟವೂ ಇಲ್ಲಿಂದಲೇ ಶುರುವಾಗುತ್ತದೆ. ಬೆಂಕಿಯ ಸುಟ್ಟಗಾಯದ ಆಳ ಹೆಚ್ಚೆಂದರೆ ಕೆಲವು ದಿನಗಳಲ್ಲಿ ತಿಳಿಯುತ್ತದೆ. ಹಿಮಕಡಿತದ ಆಳವನ್ನು ಕಾಲವೇ ಹೇಳಬೇಕು, ಆಸ್ಪತ್ರೆಯ ಕಡತವೋ ಅಷ್ಟು ದಿನ ಕಾಯುವುದಿಲ್ಲ. ಫ್ರಾನ್ಸಿನ ಶಮೋನಿಯ ವೈದ್ಯ ಎಮಾನ್ಯುಯೆಲ್ ಕೋಶಿ ಮತ್ತು ಜೊತೆಗಾರರು 2001ರಲ್ಲಿ ಒಂದು ಉಪಾಯ ಮುಂದಿಟ್ಟರು. ಬಿಸಿ ಮಾಡಿದ ಕೂಡಲೇ ಗಾಯ ಬೆರಳಿನ ಎಲ್ಲಿಯವರೆಗೆ ಹಬ್ಬಿದೆ ಎಂದು ನೋಡಿ, ಎರಡು ದಿನ ಬಿಟ್ಟು ಮೂಳೆಯ ಸ್ಕ್ಯಾನ್ ಮಾಡಿ, ನಾಲ್ಕು ದರ್ಜೆಗಳಲ್ಲಿ ಒಂದನ್ನು ಕೊಡುವ ಪದ್ಧತಿ ಅದು. ಎಷ್ಟು ಭಾಗ ಕಳೆದುಕೊಳ್ಳಬೇಕಾದೀತು ಎಂದು ಅದರಿಂದ ಮೊದಲೇ ಅಂದಾಜು ಮಾಡಬಹುದು. ಐಸಿಡಿಯಲ್ಲಿ ಈ ನಾಲ್ಕು ದರ್ಜೆಗಳಿಗೆ ಜಾಗವಿಲ್ಲ. ಅಂಗಾಂಶ ಸತ್ತಿದೆಯೇ, ಇಲ್ಲವೇ ಎಂಬ ಒಂದೇ ಪ್ರಶ್ನೆಯನ್ನು ಅದು ಕೇಳುತ್ತದೆ.

ಮೂರು ಮನೆಗಳು

ರೋಗಗಳ ಅಂತಾರಾಷ್ಟ್ರೀಯ ಪಟ್ಟಿ ಶುರುವಾದದ್ದು ಸಾವಿನ ಕಾರಣ ಎಣಿಸಲು. ಫ್ರಾನ್ಸಿನ ಝಾಕ್ ಬೆರ್ತಿಯೋ 1893ರಲ್ಲಿ ಮೊದಲ ಪಟ್ಟಿಯನ್ನು ಮಂಡಿಸಿದ. ಸಾವಿಗೆ ಕಾರಣವಾಗದ ರೋಗಗಳೂ ಗಾಯಗಳೂ ಪೂರ್ಣವಾಗಿ ಸೇರಿದ್ದು 1948ರ ಆರನೆಯ ಪರಿಷ್ಕರಣೆಯಲ್ಲಿ, ಅದು ವಿಶ್ವ ಆರೋಗ್ಯ ಸಂಸ್ಥೆಯ ಕೈಗೆ ಬಂದ ಮೇಲೆ. ಐಸಿಡಿ-9ರಲ್ಲಿ ಮುಖದ ಹಿಮಕಡಿತ 991.0, ಕೈಯದು 991.1, ಪಾದದ್ದು 991.2. ಗಾಯ ಎಲ್ಲಿ ಆಗಿದೆ ಎಂಬುದಷ್ಟೇ ಅಲ್ಲಿ ತಿಳಿಯುತ್ತಿತ್ತು. ತುದಿ ಬಿಳಿಚಿ ಮೂರು ದಿನಕ್ಕೆ ಸರಿಹೋದ ಬೆರಳು, ಕಪ್ಪಾಗಿ ಕತ್ತರಿಸಿದ ಬೆರಳು ಎರಡಕ್ಕೂ ಒಂದೇ ಸಂಖ್ಯೆ. 1990ರಲ್ಲಿ ಒಪ್ಪಿಗೆ ಪಡೆದ ಐಸಿಡಿ-10 ಆಳವನ್ನು ಮೊದಲ ಪ್ರಶ್ನೆ ಮಾಡಿತು. ಹಿಮಕಡಿತದ ಕೋಡಿನ ಚರಿತ್ರೆಯಲ್ಲಿ ಇದೇ ದೊಡ್ಡ ಹೆಜ್ಜೆ.

ಟಿ33 ಎಂದರೆ ಮೇಲ್ಪದರದ ಹಿಮಕಡಿತ, ಚರ್ಮದ ಒಂದಷ್ಟು ಪದರ ಹೋದದ್ದೂ ಇದರಲ್ಲೇ ಸೇರುತ್ತದೆ. ಟಿ34 ಎಂದರೆ ಅಂಗಾಂಶ ಸತ್ತ ಹಿಮಕಡಿತ. ಎರಡರಲ್ಲೂ ಚುಕ್ಕಿಯ ಮುಂದಿನ ಅಂಕಿ ಮೈಯ ಭಾಗವನ್ನು ಹೇಳುತ್ತದೆ: 0 ತಲೆ, 1 ಕುತ್ತಿಗೆ, 2 ಎದೆ, 3 ಹೊಟ್ಟೆ ಮತ್ತು ಸೊಂಟ, 4 ತೋಳು, 5 ಮಣಿಕಟ್ಟು ಮತ್ತು ಕೈ, 6 ತೊಡೆ, 7 ಮೊಣಕಾಲು ಮತ್ತು ಅದರ ಕೆಳಗಿನ ಕಾಲು, 8 ಹರಡು ಮತ್ತು ಪಾದ. ಕಿವಿ, ಮೂಗು ತಲೆಯೊಳಗೆ ಬರುತ್ತವೆ, ಬೆರಳು ಕೈಯೊಳಗೆ ಬರುತ್ತದೆ. ಕಾಲ್ಬೆರಳು ಕಪ್ಪಾದರೆ ಟಿ34.8. ಟಿ35 ಉಳಿದದ್ದನ್ನು ಹಿಡಿಯುವ ಮನೆ. ಮೈಯ ಹಲವು ಭಾಗಗಳಲ್ಲಿ ಅಂಗಾಂಶ ಸತ್ತಿದ್ದರೆ ಟಿ35.1. ಆಳ ಯಾವುದೆಂದು ಯಾರೂ ಬರೆಯದ ಗಾಯಗಳು ಟಿ35.2ರಿಂದ ಮುಂದಕ್ಕೆ ಹೋಗುತ್ತವೆ.

ಹತ್ತಿರದ ನೆಂಟರನ್ನೂ ಬೇರೆ ಮಾಡಿ ನೋಡಬೇಕು. ಇಡೀ ದೇಹದ ಉಷ್ಣತೆ ಇಳಿದರೆ ಟಿ68. ಕೆಸರು ನೀರಿನಲ್ಲಿ ಬಹಳ ಹೊತ್ತು ನೆನೆದು ಹೆಪ್ಪುಗಟ್ಟದೆಯೇ ಕೆಟ್ಟ ಪಾದ ಟಿ69.0. ಚಳಿಗೆ ಬೆರಳು ಕೆಂಪಾಗಿ ಊದಿ ತುರಿಸುವ ಚಿಲ್‌ಬ್ಲೇನ್ ಟಿ69.1. ಇವುಗಳಲ್ಲಿ ಯಾವುದರಲ್ಲೂ ಅಂಗಾಂಶ ಹೆಪ್ಪುಗಟ್ಟಿರುವುದಿಲ್ಲ, ಹಾಗಾಗಿ ಯಾವುದೂ ಹಿಮಕಡಿತ ಅಲ್ಲ. ಹಿಮಕಡಿತಕ್ಕೆ ಪಟ್ಟಿಯಲ್ಲಿ ತೀರ ಪಕ್ಕದ ಮನೆಯವು ಸುಟ್ಟಗಾಯಗಳು, ಟಿ20ರಿಂದ ಟಿ32. ಎರಡರಿಂದಲೂ ಕೊನೆಗೆ ಉಳಿಯುವ ಊನಕ್ಕೆ ಟಿ95 ಎಂಬ ಒಂದೇ ಗುಂಪು. ಈ ನೆರೆಹೊರೆ ಉದ್ಯಮಬಾಗದ ಮಟ್ಟಿಗೆ ಬಹಳ ಮುಖ್ಯ.

ಉದ್ಯಮಬಾಗದ ಥಂಡಿ

ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನದಿಂದ ಕಲಿಸುವುದು ಬಿಸಿಯ ಭಯ. ಬೀಡುಕಬ್ಬಿಣವನ್ನು ಅಚ್ಚಿಗೆ ಸುರಿಯುವಾಗ ಅದರ ಉಷ್ಣತೆ 1,400 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಆ ಕೆಂಪು ಕಣ್ಣಿಗೆ ಕಾಣುತ್ತದೆ, ಝಳ ಮುಖಕ್ಕೆ ಹೊಡೆಯುತ್ತದೆ, ಕಾಲು ತಾನಾಗಿ ಹಿಂದೆ ಸರಿಯುತ್ತದೆ. ಥಂಡಿಯ ಅಪಾಯ ಹಾಗೆ ಎಚ್ಚರಿಸುವುದಿಲ್ಲ.

ಅಚ್ಚು ಮತ್ತು ಕೋರ್ ಗಟ್ಟಿ ಮಾಡುವ ಹಳೆಯ ವಿಧಾನಗಳಲ್ಲಿ ಮರಳಿಗೆ ಸೋಡಿಯಂ ಸಿಲಿಕೇಟ್ ಕಲಸಿ ಅದರೊಳಗೆ ಇಂಗಾಲದ ಡೈ ಆಕ್ಸೈಡ್ ಹಾಯಿಸುವುದು ಒಂದು. ಕೆಲಸಗಾರರು ಅದನ್ನು ಸಿಒ2 ಎಂದೇ ಹೇಳುತ್ತಾರೆ. ಸಿಲಿಂಡರಿನೊಳಗೆ ಒತ್ತಡದಲ್ಲಿ ದ್ರವವಾಗಿರುವ ಆ ಅನಿಲ ಒಮ್ಮೆಲೇ ಹೊರಗೆ ನುಗ್ಗಿದರೆ ಬೆಳ್ಳಗೆ ಹಿಮದ ಪುಡಿಯಾಗುತ್ತದೆ. ಆ ಒಣಮಂಜಿನ ಉಷ್ಣತೆ ಮೈನಸ್ 78.5 ಡಿಗ್ರಿ. ಬೆಂಕಿ ನಂದಿಸುವ ಸಿಒ2 ಸಿಲಿಂಡರಿನ ಕೊಂಬನ್ನು ಬರಿಗೈಯಲ್ಲಿ ಹಿಡಿದರೂ ಇದೇ ಅಪಾಯ. ಮಷಿನ್ ಶಾಪಿನ ಕಸುಬಿನಲ್ಲಿ ಬುಶ್, ಬೇರಿಂಗ್ ಮುಂತಾದವನ್ನು ಬಿಗಿಯಾಗಿ ಕೂರಿಸಲು ದ್ರವ ಸಾರಜನಕದಲ್ಲಿ ಅದ್ದಿ ಕುಗ್ಗಿಸುವ ಪದ್ಧತಿ ಇದೆ. ನೂರು ಮಿಲಿಮೀಟರ್ ಅಗಲದ ಉಕ್ಕಿನ ತುಂಡು ಮೈನಸ್ 196 ಡಿಗ್ರಿಯಲ್ಲಿ ಸುಮಾರು 0.2 ಮಿಲಿಮೀಟರ್ ಕುಗ್ಗುತ್ತದೆ. ಸುತ್ತಿಗೆ ಏಟಿಲ್ಲದೆ ಜಾಗಕ್ಕೆ ಜಾರಿಸಲು ಅಷ್ಟು ಸಾಕು. ಆ ತುಂಡನ್ನು ಎತ್ತುವ ಕೈಗೆ ಸಡಿಲವಾದ, ಶೀತ ತಡೆಯುವ ಗ್ಲೌಸ್ ಬೇಕು. ಮಾಮೂಲಿ ಬಟ್ಟೆಯ ಗ್ಲೌಸ್ ದ್ರವವನ್ನು ಹೀರಿ ಚರ್ಮಕ್ಕೆ ಅಂಟಿಸಿ ಹಿಡಿಯುತ್ತದೆ, ಬರಿಗೈಯೂ ಸಲ್ಲದು. ಇವುಗಳ ಜೊತೆಗೆ ಎಸಿ, ಫ್ರಿಜ್ ರಿಪೇರಿಯ ಅನಿಲ, ದ್ರವರೂಪದಲ್ಲಿ ಸೋರಿದ ಎಲ್‌ಪಿಜಿ. ಎಲ್‌ಪಿಜಿಯ ಪ್ರೊಪೇನ್ ಕುದಿಯುವುದೇ ಮೈನಸ್ 42 ಡಿಗ್ರಿಯಲ್ಲಿ.

ಇಂಥ ಗಾಯವಾದವರು ದವಾಖಾನೆಗೆ ಬಂದು ಏನು ಹೇಳುತ್ತಾರೆ? ‘ಕೈ ಸುಟ್ಟೈತ್ರಿ’ ಎನ್ನುತ್ತಾರೆ. ಅದು ಸಹಜ. ಉರಿ ಸುಟ್ಟದ್ದರಂತೆಯೇ ಇರುತ್ತದೆ, ಬೊಬ್ಬೆ ಸುಟ್ಟದ್ದರಂತೆಯೇ ಏಳುತ್ತದೆ, ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಇಂಥ ಗಾಯಕ್ಕೆ ಜನರ ಬಾಯಲ್ಲಿ ಬೇರೆ ಹೆಸರಿಲ್ಲ. ಫೌಂಡ್ರಿಗಳ ನಡುವಿನ ದವಾಖಾನೆಯಲ್ಲಿ ಕೂತ ವೈದ್ಯರು ದಿನವೂ ನೋಡುವುದು ಸುಟ್ಟಗಾಯವೇ. ಏನು ತಗುಲಿತು ಎಂದು ಕೇಳದೆ ಚೀಟಿಯಲ್ಲಿ ‘ಬರ್ನ್, ಬಲಗೈ’ ಎಂದು ಬರೆದರೆ ಕೋಡ್ ಟಿ23 ಆಗುತ್ತದೆ. ಸರಿಯಾದ ಕೋಡ್ ಟಿ33.5 ಅಥವಾ ಟಿ34.5 ಆಗಿರಬೇಕಿತ್ತು.

ಈ ತಪ್ಪು ಬರೀ ಕಾಗದದ ತಪ್ಪಲ್ಲ. ಬೆಂಕಿಯ ಗಾಯಕ್ಕೆ ತಣ್ಣೀರು ಹಾಕಿ ಆರಿಸಬೇಕು. ಹೆಪ್ಪುಗಟ್ಟಿದ ಭಾಗವನ್ನು 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಮುಳುಗಿಸಿ ಬಿಸಿ ಮಾಡಬೇಕು. ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು. ನೆಪೋಲಿಯನ್ನನ 1812ರ ರಷ್ಯಾ ದಂಡಯಾತ್ರೆಯಲ್ಲಿ ಅವನ ಶಸ್ತ್ರವೈದ್ಯ ಲಾರೇ, ಬೆಂಕಿ ಕಾಯಿಸಿಕೊಂಡ ಸೈನಿಕರು ಕೈಕಾಲು ಕಳೆದುಕೊಂಡದ್ದನ್ನು ನೋಡಿ ಹಿಮದಿಂದ ಉಜ್ಜುವ ಚಿಕಿತ್ಸೆ ಹೇಳಿದ. ಅದೂ ತಪ್ಪು ಎಂದು ವೈದ್ಯಲೋಕ ಒಪ್ಪಲು ನೂರೈವತ್ತು ವರ್ಷಗಳೇ ಹಿಡಿದವು.

ಗಾಯದ ಕೋಡಿನ ಜೊತೆಗೆ ಕಾರಣದ ಕೋಡೂ ಇರುತ್ತದೆ. ಹವಾಮಾನದ ಚಳಿಯಾದರೆ ಎಕ್ಸ್31. ಮನುಷ್ಯ ಮಾಡಿದ ಶೀತವಾದರೆ ಡಬ್ಲ್ಯು93. ಒಣಮಂಜು, ದ್ರವ ಸಾರಜನಕ, ದ್ರವ ಗಾಳಿ ತಗುಲಿದ್ದು, ಶೈತ್ಯಾಗಾರದಲ್ಲಿ ಬಹಳ ಹೊತ್ತು ಸಿಕ್ಕಿಕೊಂಡದ್ದು ಎಲ್ಲ ಈ ಸಂಖ್ಯೆಗೇ ಸೇರುತ್ತವೆ. ಚುಕ್ಕಿಯ ಮುಂದೆ ಘಟನೆ ನಡೆದ ಜಾಗ ಬರುತ್ತದೆ, ಕೈಗಾರಿಕೆ ಮತ್ತು ಕಟ್ಟಡ ಕೆಲಸದ ಜಾಗಕ್ಕೆ ಅಂಕಿ 6. ಹೀಗೆ ಉದ್ಯಮಬಾಗದ ಶೆಡ್ಡೊಂದರಲ್ಲಿ ದ್ರವ ಸಾರಜನಕ ಬಿದ್ದು ಬೆರಳಿನ ಅಂಗಾಂಶ ಸತ್ತರೆ ಪೂರ್ತಿ ಗುರುತು ಟಿ34.5, ಡಬ್ಲ್ಯು93.6. ಈ ಜೋಡಿ ದಾಖಲೆಗೆ ಬಂದರೆ ಮಾತ್ರ ಇಂಥ ಅಪಘಾತ ಎಷ್ಟು ನಡೆಯುತ್ತವೆ ಎಂದು ಯಾರಾದರೂ ಮುಂದೆ ಎಣಿಸಬಲ್ಲರು. ಟಿ23ರ ರಾಶಿಯೊಳಗೆ ಬಿದ್ದದ್ದು ಅಲ್ಲೇ ಮುಳುಗಿಹೋಗುತ್ತದೆ.

ಹಿಮನದಿಯ ಗಾಯ

ಸಿಯಾಚಿನ್ ಹಿಮನದಿಗೆ ಭಾರತದ ಸೇನೆ ಕಾಲಿಟ್ಟದ್ದು 1984ರ ಏಪ್ರಿಲ್ 13ರಂದು, ಆಪರೇಷನ್ ಮೇಘದೂತದಲ್ಲಿ. ಸುಮಾರು 76 ಕಿಲೋಮೀಟರ್ ಉದ್ದದ ಆ ಹಿಮರಾಶಿಯ ಮೇಲಿನ ಠಾಣೆಗಳಲ್ಲಿ ಉಷ್ಣತೆ ಮೈನಸ್ 50 ಡಿಗ್ರಿಯವರೆಗೂ ಇಳಿಯುತ್ತದೆ. ಎತ್ತರದಲ್ಲಿ ಆಮ್ಲಜನಕ ಕಡಿಮೆ, ರಕ್ತ ಮಂದವಾಗುತ್ತದೆ, ಗಾಳಿ ಬಡಿಯುತ್ತದೆ. ಚಳಿಯೊಂದೇ ಮಾಡುವ ಹಾನಿಯನ್ನು ಇವೆಲ್ಲ ಸೇರಿ ಹೆಚ್ಚಿಸುತ್ತವೆ. ಒದ್ದೆಯಾದ ಕಾಲುಚೀಲ ಬದಲಿಸದೆ ಒಂದು ರಾತ್ರಿ ಕಳೆದರೂ ಬೆರಳು ಹೋಗಬಹುದು. ಲೇಹ್‌ನ 153 ಜನರಲ್ ಆಸ್ಪತ್ರೆ ಇಂಥ ಗಾಯಗಳ ಚಿಕಿತ್ಸೆಯಲ್ಲಿ ದೀರ್ಘ ಅನುಭವ ಪಡೆದಿದೆ. ರಕ್ಷಣಾ ಸಂಶೋಧನಾ ಸಂಸ್ಥೆ ಲೋಳೆಸರದ ತಿರುಳಿನಿಂದ ‘ಅಲೋಕಲ್’ ಎಂಬ ಮುಲಾಮನ್ನು ಹಿಮಕಡಿತ ತಡೆಯಲೆಂದೇ ತಯಾರಿಸಿದೆ.

ಕರ್ನಾಟಕದಲ್ಲಿ ಸಿಯಾಚಿನ್ ಎಂದರೆ ನೆನಪಾಗುವ ಹೆಸರು ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನವರು. 2016ರ ಫೆಬ್ರುವರಿ 3ರಂದು 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಅವರಲ್ಲಿ ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ನಾಗೇಶ, ಮೈಸೂರು ಜಿಲ್ಲೆ ಎಚ್.ಡಿ. ಕೋಟೆ ಕಡೆಯ ಸಿಪಾಯಿ ಮಹೇಶ ಇದ್ದರು. ಆರು ದಿನಗಳಾದ ಮೇಲೆ ಹನುಮಂತಪ್ಪ ಒಬ್ಬರೇ ಜೀವಂತ ಸಿಕ್ಕರು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಫೆಬ್ರುವರಿ 11ರಂದು ತೀರಿಕೊಂಡರು.

ಆ ದಿನಗಳಲ್ಲಿ ಆಸ್ಪತ್ರೆ ಹೊರಡಿಸಿದ ಪ್ರಕಟಣೆಯನ್ನು ಕೋಡಿಂಗ್ ಕಲಿಯುವವರು ಒಮ್ಮೆ ಗಮನವಿಟ್ಟು ನೋಡಬೇಕು. ಪ್ರಜ್ಞೆಯಿಲ್ಲ, ನಿರ್ಜಲವಾಗಿದ್ದಾರೆ, ದೇಹದ ಉಷ್ಣತೆ ಕುಸಿದಿದೆ, ಆಘಾತ ಸ್ಥಿತಿಯಲ್ಲಿದ್ದಾರೆ, ನ್ಯುಮೋನಿಯಾ ಇದೆ, ಯಕೃತ್ತು ಮತ್ತು ಮೂತ್ರಪಿಂಡಕ್ಕೆ ಪೆಟ್ಟಾಗಿದೆ ಎಂದಿತ್ತು. ಅದರ ಜೊತೆಗೇ, ಹಿಮಕಡಿತವಾಗಲಿ ಮೂಳೆಗೆ ಪೆಟ್ಟಾಗಲಿ ಆಗಿಲ್ಲ ಎಂದೂ ಸ್ಪಷ್ಟವಾಗಿ ಹೇಳಿತ್ತು. ಆರು ದಿನ ಹಿಮದೊಳಗೆ ಇದ್ದವರಿಗೆ ಹಿಮಕಡಿತ ಆಗಿಯೇ ಇರುತ್ತದೆ ಎಂದು ಊಹಿಸಿ ಟಿ34 ಹಾಕಿಬಿಡುವುದು ಸುಲಭ, ಆದರೆ ಅದು ತಪ್ಪಾಗುತ್ತದೆ. ಇಂಥ ವಿವರಕ್ಕೆ ಕೋಡ್ ಹಾಕುವುದಾದರೆ ಟಿ68 ಬರುತ್ತದೆ, ಕಾರಣಕ್ಕೆ ಹಿಮಕುಸಿತದ ಎಕ್ಸ್36 ಬರುತ್ತದೆ. ವೈದ್ಯರು ‘ಇದೆ’ ಎಂದದ್ದಕ್ಕೆ ಮಾತ್ರ ಕೋಡ್, ‘ಇರಬಹುದು’ ಎಂದು ನಮಗೆ ಅನ್ನಿಸಿದ್ದಕ್ಕಲ್ಲ.

ಬೆರಳು ಕಳೆದುಕೊಂಡು ಉಳಿದುಬಂದ ಸೈನಿಕನಿಗೆ ಕೋಡಿನ ಜೊತೆ ಇನ್ನೊಂದು ಅಳತೆಯೂ ಅಂಟಿಕೊಳ್ಳುತ್ತದೆ. ಸೇನೆಯ ವೈದ್ಯಕೀಯ ದರ್ಜೆಯನ್ನು ‘ಶೇಪ್’ ಎಂಬ ಐದು ಅಕ್ಷರಗಳಲ್ಲಿ ಹೇಳುತ್ತಾರೆ: ಮನಸ್ಸು, ಕಿವಿ, ಕೈಕಾಲು, ದೇಹಶಕ್ತಿ, ಕಣ್ಣು. ಹಿಮಕಡಿತ ಕೈಕಾಲಿನ ಅಕ್ಷರವನ್ನು ಕೆಳಗಿಳಿಸುತ್ತದೆ. ನಿವೃತ್ತಿಯ ಮೆಡಿಕಲ್ ಬೋರ್ಡು ಊನದ ಶೇಕಡಾವಾರು ಬರೆಯುತ್ತದೆ, ಅದು ಸೇವೆಯಿಂದಲೇ ಆದದ್ದೋ ಎಂದೂ ಬರೆಯುತ್ತದೆ. ಊನದ ಪಿಂಚಣಿ ನಿಲ್ಲುವುದು ಆ ಸಾಲಿನ ಮೇಲೆ. ಹತ್ತು ವರ್ಷಗಳಾದ ಮೇಲೆ ಆ ಮಾಜಿ ಸೈನಿಕ ಬೆಳಗಾವಿಯ ಆಸ್ಪತ್ರೆಗೆ ಬೆರಳಿಲ್ಲದ ಪಾದದ ನೋವು ಹೇಳಿಕೊಂಡು ಬಂದಾಗ ಅವನಿಗೆ ಟಿ34 ಹಾಕಬಾರದು. ಆ ಗಾಯ ಮುಗಿದಿದೆ, ಉಳಿದಿರುವುದು ಅದರ ಪರಿಣಾಮ. ಕಾಲಿನದಾದರೆ ಟಿ95.3, ಬೆರಳು ಇಲ್ಲದಿರುವುದನ್ನು ಹೇಳಲು ಝಡ್89. ಯಂತ್ರಕ್ಕೆ ಸಿಕ್ಕಿ ಬೆರಳು ತುಂಡಾದವರಿಗೆ ಇರುವ ಎಸ್ ಸಾಲಿನ ಕೋಡ್ ಅವನಿಗೆ ಸಲ್ಲದು, ಏಕೆಂದರೆ ಅವನ ಬೆರಳನ್ನು ತೆಗೆದದ್ದು ಶಸ್ತ್ರಚಿಕಿತ್ಸೆ.

ಅಮೆರಿಕದ ಕೋಡು, ಕರ್ನಾಟಕದ ಕೋಡರ್

ಅಮೆರಿಕ 2015ರ ಅಕ್ಟೋಬರ್ 1ರಿಂದ ಐಸಿಡಿ-10ರ ತನ್ನದೇ ವಿಸ್ತೃತ ರೂಪವನ್ನು ಬಳಸುತ್ತಿದೆ. ಅದಕ್ಕೆ ಸಿಎಂ ಎಂಬ ಬಾಲ ಇದೆ. ಬೆಂಗಳೂರಿನ ಮೆಡಿಕಲ್ ಕೋಡಿಂಗ್ ಕಚೇರಿಗಳ ಕೆಲಸ ನಡೆಯುವುದು ಹೆಚ್ಚಾಗಿ ಇದರಲ್ಲಿ. ಬಿಎಸ್ಸಿ, ಫಾರ್ಮಸಿ, ನರ್ಸಿಂಗ್, ಫಿಸಿಯೋಥೆರಪಿ ಓದಿದವರು ಕೋಡರುಗಳ ಸಿಪಿಸಿ ಪರೀಕ್ಷೆಗೆ ಕಟ್ಟುವುದು ಇದಕ್ಕಾಗಿಯೇ. ನಮ್ಮ ಆಸ್ಪತ್ರೆಗಳ ಐಸಿಡಿ-10ಕ್ಕೂ ಇದಕ್ಕೂ ವ್ಯತ್ಯಾಸ ಸಣ್ಣದಲ್ಲ.

ಸಿಎಂ ರೂಪದಲ್ಲಿ ಟಿ35 ಎಂಬ ಮನೆಯೇ ಇಲ್ಲ. ಹಲವು ಭಾಗಗಳಲ್ಲಿ ಗಾಯವಾಗಿದ್ದರೆ ಒಂದೊಂದಕ್ಕೂ ಬೇರೆ ಕೋಡ್ ಹಾಕಬೇಕು. ಬೆರಳಿಗೂ ಪಾದಕ್ಕೂ ಬೇರೆ ಸಂಖ್ಯೆ, ಬಲಕ್ಕೂ ಎಡಕ್ಕೂ ಬೇರೆ ಅಂಕಿ. ಬಲಗೈ ಬೆರಳಿನ ಅಂಗಾಂಶ ಸತ್ತಿದ್ದರೆ ಟಿ34.531, ಎಡಗೈಯದಾದರೆ ಟಿ34.532. ಎಡಗಾಲಿನ ಬೆರಳು ಟಿ34.832. ಇಷ್ಟಾದ ಮೇಲೆ ಏಳನೆಯ ಅಕ್ಷರ ಒಂದು: ಎ, ಡಿ ಅಥವಾ ಎಸ್. ಮೂಗಿನಂತೆ ಎಡಬಲ ಇಲ್ಲದ ಕಡೆ ಖಾಲಿ ಜಾಗಕ್ಕೆ ಎಕ್ಸ್ ಇಟ್ಟು ಏಳನೆಯದನ್ನು ಅದರ ಸ್ಥಾನದಲ್ಲೇ ಕೂರಿಸಬೇಕು.

ಹೊಸಬರು ಎಡವುವುದು ಈ ಏಳನೆಯ ಅಕ್ಷರದಲ್ಲಿ. ಎ ಎಂದರೆ ಮೊದಲ ಭೇಟಿ ಎಂದು ತಿಳಿಯುತ್ತಾರೆ. ಹಾಗಲ್ಲ, ಗಾಯಕ್ಕೆ ನೇರ ಚಿಕಿತ್ಸೆ ನಡೆಯುತ್ತಿರುವಷ್ಟು ಕಾಲವೂ ಎ. ಹಿಮಕಡಿತದ ರೋಗಿ ಆರು ವಾರ ಕಾದು ಶಸ್ತ್ರಚಿಕಿತ್ಸೆಗೆ ಬಂದರೆ, ಅದು ಅವನ ಹತ್ತನೆಯ ಭೇಟಿಯಾಗಿದ್ದರೂ, ಅಕ್ಷರ ಎ ಆಗಿಯೇ ಇರುತ್ತದೆ. ಗಾಯ ಮಾಗುತ್ತಿದೆ, ಡ್ರೆಸಿಂಗ್ ನೋಡಲು ಬಂದಿದ್ದಾನೆ ಎಂದಾಗ ಡಿ. ವರ್ಷಗಳಾದ ಮೇಲೆ ಬೆರಳಿನ ಬಿಗಿತ ಅಥವಾ ನೋವಿಗೆ ಬಂದರೆ, ಆ ತೊಂದರೆಯ ಕೋಡ್ ಮೊದಲು, ಹಳೆಯ ಗಾಯದ ಕೋಡ್ ಎಸ್ ಅಕ್ಷರದೊಂದಿಗೆ ಆಮೇಲೆ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಸಿಎಂ ರೂಪದ ಸೂಚಿಯಲ್ಲಿ ಬರೀ ಫ್ರಾಸ್ಟ್‌ಬೈಟ್ ಎಂದು ಹುಡುಕಿದರೆ ಅದು ಕರೆದೊಯ್ಯುವುದು ಟಿ33ಕ್ಕೆ, ಮೇಲ್ಪದರದ ಗಾಯಕ್ಕೆ. ಟಿ34 ಹಾಕಬೇಕಾದರೆ ನೆಕ್ರೋಸಿಸ್, ಅಂದರೆ ಅಂಗಾಂಶ ಸತ್ತಿದೆ, ಎಂಬ ಮಾತು ವೈದ್ಯರ ಬರಹದಲ್ಲಿ ಇರಬೇಕು. ‘ಬೆರಳು ಕಪ್ಪಾಗಿದೆ’ ಎಂದು ನರ್ಸ್ ಬರೆದಿದ್ದರೂ, ಫೋಟೋದಲ್ಲಿ ಕಣ್ಣಿಗೆ ಕಾಣುತ್ತಿದ್ದರೂ, ಕೋಡರ್ ತಾನೇ ನಿರ್ಧರಿಸುವಂತಿಲ್ಲ. ವೈದ್ಯರಿಗೆ ಲಿಖಿತ ಪ್ರಶ್ನೆ ಕಳಿಸಬೇಕು. ವೈದ್ಯರ ಮೌನಕ್ಕೆ ಪುಸ್ತಕ ಕೊಡುವ ಅರ್ಥ ‘ಗಾಯ ಹಗುರ’ ಎಂದು. ಆ ಮೌನದ ನಷ್ಟ ಬೀಳುವುದು ಬೆರಳು ಕಳೆದುಕೊಂಡವನ ಮೇಲೆ. ಕೋಡರ್ ಒಬ್ಬಳು ಕಳಿಸುವ ಒಂದು ಪ್ರಶ್ನೆ ಕೆಲಸ ನಿಧಾನ ಮಾಡುತ್ತದೆ, ದಿನದ ಎಣಿಕೆ ತಗ್ಗಿಸುತ್ತದೆ. ಆದರೂ ಅದನ್ನು ಕಳಿಸುವುದೇ ಈ ಕಸುಬಿನ ಮರ್ಯಾದೆ ಎಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

2024ರ ಫೆಬ್ರುವರಿಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಐಲೋಪ್ರಾಸ್ಟ್ ಎಂಬ ಚುಚ್ಚುಮದ್ದನ್ನು ತೀವ್ರ ಹಿಮಕಡಿತಕ್ಕೆಂದು ಒಪ್ಪಿತು. ಬೆರಳು ಕತ್ತರಿಸುವ ಅಪಾಯ ತಗ್ಗಿಸಲು ಅಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧ ಇದು. ‘ತೀವ್ರ’ ಎಂಬ ಒಂದು ಪದದ ಮೇಲೆ ಈಗ ದುಬಾರಿ ಔಷಧದ ಲೆಕ್ಕವೂ ನಿಲ್ಲುವುದರಿಂದ ಟಿ33, ಟಿ34ರ ನಡುವಿನ ಗೆರೆಗೆ ಮೊದಲಿಗಿಂತ ತೂಕ ಹೆಚ್ಚಾಗಿದೆ.

ನಮ್ಮ ಕಾಗದಗಳಲ್ಲಿ

ಭಾರತದಲ್ಲಿ ಕೋಡ್ ನೇರವಾಗಿ ಬೇಕಾಗುವ ಜಾಗಗಳಲ್ಲಿ ಆರೋಗ್ಯ ವಿಮೆ ಒಂದು. ಆಸ್ಪತ್ರೆ ತುಂಬಿ ಕೊಡುವ ಕ್ಲೇಮ್ ಫಾರಂನ ಬಿ ಭಾಗದಲ್ಲಿ ಐಸಿಡಿ-10ರ ಕೋಡಿಗೆ ಅಂಕಣಗಳಿವೆ. ಕೇಂದ್ರ ಸರ್ಕಾರ 2013ರಲ್ಲಿ ಹೊರಡಿಸಿ 2016ರಲ್ಲಿ ಪರಿಷ್ಕರಿಸಿದ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನದಂಡಗಳಲ್ಲೂ ಐಸಿಡಿ-10 ಇದೆ, ವೈದ್ಯಕೀಯ ಪದಗಳ ಇನ್ನೂ ವಿಸ್ತಾರವಾದ ಸ್ನೋಮೆಡ್ ಸಿಟಿ ಪದಕೋಶವೂ ಇದೆ. ದೊಡ್ಡ ಆಸ್ಪತ್ರೆಗಳಲ್ಲಿ ಈ ಕೆಲಸ ಮೆಡಿಕಲ್ ರೆಕಾರ್ಡ್ಸ್ ವಿಭಾಗದ್ದು. ರೋಗಿ ಮನೆಗೆ ಹೋದ ಮೇಲೆ ಕೇಸ್ ಶೀಟು ಆ ಕೋಣೆಗೆ ಹೋಗುತ್ತದೆ, ಕೊನೆಯ ರೋಗನಿದಾನ ನೋಡಿ ಅಲ್ಲಿನ ಸಿಬ್ಬಂದಿ ಸಂಖ್ಯೆ ಹಾಕುತ್ತಾರೆ. ಮೊದಲ ಸಲ ದಾಖಲಾಗಿ ನಾಲ್ಕೇ ದಿನಕ್ಕೆ ಮನೆಗೆ ಹೋದವನಿಗೆ ಟಿ33 ಬಿದ್ದಿದ್ದರೆ ಅದು ತಪ್ಪಲ್ಲ, ಆ ದಿನ ತಿಳಿದದ್ದು ಅಷ್ಟೇ. ತಿಂಗಳ ಮೇಲೆ ಬೆರಳು ತೆಗೆಯಲು ಬಂದಾಗಲೂ ಹಳೆಯ ಕೋಡನ್ನೇ ನಕಲು ಮಾಡಿದರೆ ಅದು ತಪ್ಪು.

ಸಾವಿನ ದಾಖಲೆಯ ನಿಯಮ ಬೇರೆ. 1969ರ ಜನನ ಮರಣ ನೋಂದಣಿ ಕಾಯಿದೆಯಡಿ ಆಸ್ಪತ್ರೆಯಲ್ಲಾದ ಸಾವಿಗೆ ವೈದ್ಯರು ಫಾರಂ 4 ತುಂಬುತ್ತಾರೆ. ತಕ್ಷಣದ ಕಾರಣ, ಅದಕ್ಕೆ ಹಿಂದಿನದು, ಎಲ್ಲಕ್ಕೂ ಮೂಲವಾದದ್ದು ಎಂದು ಸಾಲಾಗಿ ಬರೆಯಬೇಕು. ಗಾಯದಿಂದಾದ ಸಾವಿನಲ್ಲಿ ಮೂಲ ಕಾರಣವಾಗಿ ಎಣಿಕೆಗೆ ಹೋಗುವುದು ಗಾಯದ ಕೋಡಲ್ಲ, ಗಾಯ ತಂದ ಘಟನೆಯ ಕೋಡು. ತೀವ್ರ ಹಿಮಕಡಿತ, ಸೋಂಕು, ಸಾವು ಎಂದು ನಡೆದರೆ ಲೆಕ್ಕಕ್ಕೆ ಬೀಳುವುದು ಎಕ್ಸ್31 ಅಥವಾ ಡಬ್ಲ್ಯು93. ಬದುಕಿದವರ ದಾಖಲೆಯಲ್ಲಿ ಟಿ34 ಮುಂದೆ, ಕಾರಣ ಹಿಂದೆ. ಸತ್ತವರ ಲೆಕ್ಕದಲ್ಲಿ ಕಾರಣವೇ ಮುಂದೆ.

ಕಾರ್ಖಾನೆಯ ಕಾರ್ಮಿಕನ ಪರಿಹಾರ ಕೋಡಿನ ಮೇಲೆ ನಿಲ್ಲುವುದಿಲ್ಲ, ಕಳೆದುಹೋದ ಅಂಗದ ಮೇಲೆ ನಿಲ್ಲುತ್ತದೆ. 1923ರ ಪರಿಹಾರ ಕಾಯಿದೆಯ ಮೊದಲ ಅನುಸೂಚಿಯಲ್ಲಿ ದುಡಿಮೆಯ ಶಕ್ತಿ ಎಷ್ಟು ಹೋಯಿತು ಎಂಬುದಕ್ಕೆ ಪಟ್ಟಿ ಇತ್ತು: ಹೆಬ್ಬೆರಳು ಹೋದರೆ ಶೇಕಡಾ 30, ತೋರುಬೆರಳು ಪೂರ್ತಿ ಹೋದರೆ 14, ನಡುಬೆರಳಿಗೆ 12, ಉಂಗುರದ ಬೆರಳು ಅಥವಾ ಕಿರುಬೆರಳಿಗೆ 7. ಅದರ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇಂಥ ಪಟ್ಟಿಯನ್ನು ಇಟ್ಟುಕೊಂಡಿದೆ. ಹೀಗಿದ್ದರೂ ಮೊದಲ ದಿನದ ಚೀಟಿ ಇಲ್ಲಿ ಸಾಕ್ಷಿಯಾಗುತ್ತದೆ. ‘ಬೆಂಕಿಯಿಂದ ಸುಟ್ಟದ್ದು’ ಎಂದು ಆಸ್ಪತ್ರೆ ಬರೆದು, ‘ಗ್ಯಾಸ್ ಸೋರಿಕೆ’ ಎಂದು ಕಾರ್ಖಾನೆಯ ಅಪಘಾತ ವರದಿ ಹೇಳಿದರೆ, ಎರಡು ಕಾಗದಗಳ ಜಗಳದ ನಡುವೆ ಕಾಯಬೇಕಾದವನು ಕೈಗೆ ಬ್ಯಾಂಡೇಜು ಕಟ್ಟಿಕೊಂಡ ಕಾರ್ಮಿಕ.

ಆದ್ದರಿಂದ ಉದ್ಯಮಬಾಗದ ಶೆಡ್ಡುಗಳಲ್ಲಿ ದುಡಿಯುವವರಲ್ಲಿ ಒಂದು ಕೋರಿಕೆ. ಥಂಡಿ ಗ್ಯಾಸೋ ದ್ರವವೋ ತಗುಲಿ ಗಾಯವಾದರೆ ಡಾಕ್ಟರ ಮುಂದೆ ‘ಸುಟ್ಟೈತಿ’ ಎಂದಷ್ಟೇ ಹೇಳಿ ಬರಬೇಡಿ. ಯಾವ ಸಿಲಿಂಡರು, ಯಾವ ಗ್ಯಾಸು, ಎಷ್ಟು ಹೊತ್ತು ತಗುಲಿತು ಎಂದು ಹೇಳಿ. ಡಿಸ್ಚಾರ್ಜ್ ಕಾರ್ಡಿನಲ್ಲಿ ಅದೇ ಮಾತು, ಯಾವ ಕೈ, ಯಾವ ಬೆರಳು ಎಂಬುದರ ಸಮೇತ, ಬರೆದಿದೆಯೇ ಎಂದು ಓದಿಸಿ ನೋಡಿಕೊಂಡು ಮನೆಗೆ ಹೋಗಿ.